ಹುಳ ಹಳೇದು, ಮೇಜು ಹೊಸದು

ಯಾವ ವಸ್ತುವನ್ನೂ ಆಕೆ ಮುಂದಿನಿಂದ ನೋಡಿದವಳಲ್ಲ. ಅಂಗಡಿಗೆ ಕೆತ್ತನೆಯ ಬೀರು ಬರಲಿ, ಹಿತ್ತಾಳೆಯ ಗಡಿಯಾರ ಬರಲಿ, ಎಲ್ಲರೂ ಅದರ ಸೌಂದರ್ಯಕ್ಕೆ ಮೈಮರೆತು ನಿಂತಿರುವಾಗ ಆಕೆ ಅದರ ಬೆನ್ನ ಹಿಂದೆ ಹೋಗಿರುತ್ತಾಳೆ, ಇಲ್ಲವೇ ಅಂಗಾತ ಮಲಗಿ ಅಡಿಗೆ ನುಸುಳಿರುತ್ತಾಳೆ. ಮೇಜಿನಡಿಯಿಂದ ಎರಡು ಪಾದಗಳಷ್ಟೇ ಕಂಡರೆ ಹಳೆಯ ಗಿರಾಕಿಗಳು ಆ ಪಾದಗಳಿಗೇ ನಮಸ್ಕಾರ ಹೇಳಿ ಕುರ್ಚಿ ಎಳೆದುಕೊಂಡು ಕೂರುತ್ತಾರೆ. ಜೇಬಿನಲ್ಲಿ ಸದಾ ಟಾರ್ಚು ಇರುವುದರಿಂದ ಹಳೆಯ ಸಾಮಾನಿನ ಆ ಬೀದಿಗೆಲ್ಲ ಆಕೆ ಟಾರ್ಚಕ್ಕ.

ಬೆನ್ನ ತುಂಬ ಧೂಳು ಮೆತ್ತಿದ ಬೂದು ಕೋಟು, ಓಟಕ್ಕೂ ನಡಿಗೆಗೂ ನಡುವಿನ ಒಂದು ಧಾವಂತ, ಮಾತಿನ ತುದಿಗೆಲ್ಲ "ಅಲ್ವಾ, ಹೇಳಿ". ಹೊಗೆ ಕುಡಿಸಿ ಕಪ್ಪಾಗಿಸಿದ ಬೊಂಬೆಯನ್ನೋ, ಚಹಾದ ನೀರಿನಲ್ಲಿ ಅದ್ದಿ ಮುದಿಯಾಗಿಸಿದ ಚಿತ್ರಪಟವನ್ನೋ ಹಿಡಿದಾಗ ಆಕೆಗಾಗುವ ಸಂಭ್ರಮ ನೋಡಬೇಕು. ಕಣ್ಣು ಅರಳಿ, ಸ್ವರ ಏರಿ, ಮೋಸ ಮಾಡಿದವನ ಕೈಚಳಕವನ್ನೇ ಹೊಗಳತೊಡಗುತ್ತಾಳೆ. "ಕೈ ಬೀಳೋ ಕಡೆ ಸವೀಬೇಕು. ಕೈಯೇ ಎಟುಕದ ಮೂಲೇನೂ ಸವೆದಿದ್ರೆ ಅದು ಉಪ್ಪುಕಾಗದದ ಕೆಲಸ, ಅಲ್ವಾ, ಹೇಳಿ."

ಅಂಥ ಅಕ್ಕನ ಜೊತೆ ತಮ್ಮನಾಗಿ ಬಾಳುವುದು ಸುಲಭವಲ್ಲ. ಅಂಗಡಿ ಇಬ್ಬರದೂ ಹೌದು, ಕೊಳ್ಳುವ ಮಾತು ಮಾತ್ರ ಅವಳದು. ತಲೆ ನರೆಯುತ್ತ ಬಂದರೂ ಸ್ವಂತ ಬುದ್ಧಿಯಿಂದ ಒಂದು ಸ್ಟೂಲನ್ನೂ ಕೊಂಡಿಲ್ಲವೆಂಬ ಕೊರಗು ಅವನಿಗೆ. ಆಕೆ ಊರಲ್ಲಿಲ್ಲದ ಸಮಯ ನೋಡಿ ಅವನೊಬ್ಬನೇ ಹೋಗಿ ಬರೆಯುವ ಮೇಜೊಂದನ್ನು ತಂದ. ಆಕೆ ಮರಳಿ ಬರುವ ಹೊತ್ತಿಗೆ ಗಿರಾಕಿಯೂ ಎದುರಿಗಿದ್ದರು, ಈ ಅಂಗಡಿಯ ಮಾತೇ ಸಾಕೆಂದು ನಂಬಿ ಕೊಳ್ಳುತ್ತಿದ್ದ ಡಾಕ್ಟರಮ್ಮ.

"ಕಾಲಿಗೆ ಹುಳ ತಿಂದಿರೋದು ನೋಡಿ ಮೇಡಂ," ಎಂದು ಅವನು ಎದೆಯುಬ್ಬಿಸಿ ಹೇಳುತ್ತಿದ್ದ. "ಹಳೇದು ಅನ್ನೋಕೆ ಇನ್ನೇನು ಸಾಕ್ಷಿ ಬೇಕು?"

ಟಾರ್ಚಕ್ಕ ಮಂಡಿಯೂರಿದಳು. ಬೆಳಕು ಮೇಜಿನ ಕಾಲಿನುದ್ದಕ್ಕೂ ಹರಿದು ಒಂದೆಡೆ ನಿಂತಿತು. ಹುಳ ಮರದ ಒಳಗೊಳಗೇ ಸುರಂಗ ಕೊರೆಯುತ್ತದೆ, ಹೊರಬರುವಾಗ ಗುಂಡನೆಯ ತೂತೊಂದನ್ನು ಬಿಟ್ಟು ಹೋಗುತ್ತದೆ, ಅಷ್ಟೆ. ಇಲ್ಲಿಯೋ, ಸುರಂಗಗಳೇ ಮೇಲ್ಮೈಯಲ್ಲಿ ಉದ್ದುದ್ದ ಕಾಲುವೆಗಳಾಗಿ ಬಾಯ್ದೆರೆದಿದ್ದವು. ಎಂದರೆ ಹುಳ ತಿಂದು ಮುಗಿಸಿದ ಮೇಲೆ ಯಾರೋ ಆ ಮರಕ್ಕೆ ಗರಗಸ ಹಾಕಿದ್ದರು. ಯಾವುದೋ ಮನೆಯ ಹಳೆಯ ತೊಲೆ ಮೊನ್ನೆ ಮೊನ್ನೆ ಮೇಜಾಗಿತ್ತು. ಆಕೆಯ ಎದೆ ಎಂದಿನಂತೆ ಹಿಗ್ಗಿತು, ತಮ್ಮನ ಮುಖ ಕಂಡು ಅಷ್ಟೇ ಬೇಗ ಕುಗ್ಗಿತು. ಸುಮ್ಮನಿದ್ದರೆ ಅವನ ಮಾನ ಉಳಿಯುತ್ತಿತ್ತು. ಆದರೂ ಆಕೆ ಎದ್ದು ಕೋಟು ಕೊಡವಿದಳು.

"ಹುಳ ಹಳೇದು, ಮೇಜು ಹೊಸದು ಡಾಕ್ಟ್ರೇ," ಎಂದು ಆ ಕಾಲುವೆಗಳ ಗುಟ್ಟನ್ನು ಇಬ್ಬರಿಗೂ ಬಿಡಿಸಿ ಹೇಳಿದಳು.

ಡಾಕ್ಟರಮ್ಮ ಬರಿಗೈಯಲ್ಲಿ ಹೋದರು. ಅವನು ಮುಖ ಗಂಟಿಕ್ಕಿಕೊಂಡ. "ಹೊರಗಿನೋರ ಮುಂದೆ ನನ್ನ ಮರ್ಯಾದೆ ತೆಗೆದೆಯಲ್ಲಕ್ಕ."

"ನೀನು ಗೊತ್ತಿಲ್ದೆ ಹೇಳಿದ್ದೆ ಕಣೋ. ನೋಡಿದ್ಮೇಲೂ ನಾನು ಸುಮ್ಮನಿದ್ದಿದ್ರೆ ಗೊತ್ತಿದ್ದೂ ಸುಳ್ಳು ಹೇಳಿದ ಹಾಗಾಗ್ತಿತ್ತು."

ಎಷ್ಟೋ ದಿನ ಅವನು ಊಟಕ್ಕೂ ಜೊತೆಗೆ ಕೂರಲಿಲ್ಲ. ಆದರೂ ಮನೆ ಖಾಲಿ ಮಾಡುತ್ತಿದ್ದವರೊಬ್ಬರ ಪೆಟ್ಟಿಗೆಯೊಂದನ್ನು ನೋಡಲು ಕರೆ ಬಂದಾಗ ಹಿಂದೆಯೇ ಹೊರಟ. ಅಲ್ಲಿ ಆಕೆ ಬಾಗುವ ಮೊದಲೇ ಟಾರ್ಚು ಕಿತ್ತುಕೊಂಡು, ಇಸ್ತ್ರಿಯ ಅಂಗಿಯಲ್ಲೇ ನೆಲಕ್ಕೆ ಮೈಚೆಲ್ಲಿ ಪೆಟ್ಟಿಗೆಯ ತಳವನ್ನು ತಡವಿದ. ಬೆಳಕು ಮೂಲೆಯಿಂದ ಮೂಲೆಗೆ ಹರಿಯಿತು. ಆಮೇಲೆ ಮಲಗಿದಲ್ಲಿಂದಲೇ ಕೂಗಿದ: "ಅಕ್ಕಾ, ತೂತೆಲ್ಲ ಗುಂಡಗಿದೆ. ಕಾಲುವೆ ಒಂದೂ ಇಲ್ಲ. ಇದು ನಿಜವಾಗ್ಲೂ ಹಳೇದು ಕಣೇ."

ಆಕೆಯೂ ಪಕ್ಕದಲ್ಲೇ ಮಲಗಿ ಇಂಚಿಂಚೂ ಪರೀಕ್ಷಿಸಿದಳು. ತಮ್ಮನೆಂದು ರಿಯಾಯಿತಿ ತೋರಲಿಲ್ಲ. ಕೊನೆಗೆ, "ಚೆನ್ನಾಗಿ ನೋಡಿದ್ದೀಯ," ಎಂದಳು. ಅವನು ಟಾರ್ಚು ಆರಿಸುವುದನ್ನೂ ಮರೆತು ಹಲ್ಲು ಬಿಟ್ಟುಕೊಂಡು ಮಲಗಿಯೇ ಇದ್ದ.

ಇಂಥವರನ್ನು ಲೋಕ ಸಂಶಯಪಿಶಾಚಿಗಳೆಂದು ಹಳಿಯುತ್ತದೆ. ಇವರೊಡನೆ ಸಂಸಾರ ಕಷ್ಟ, ವ್ಯಾಪಾರ ಇನ್ನೂ ಕಷ್ಟ. ಒಡಹುಟ್ಟಿದವರ ಮುಂದೆಯೂ ಇವರಿಗೆ ಬಾಯಿ ಕಟ್ಟುವುದಿಲ್ಲ. ಆದರೆ ಮುಖಸ್ತುತಿ ಅಗ್ಗವಾದ ಈ ಜಗತ್ತಿನಲ್ಲಿ ಇವರು ಒಮ್ಮೆ ಮೆಚ್ಚಿದರೆಂದರೆ, ಆ ಮೆಚ್ಚುಗೆಯನ್ನು ತಿರುಗಿಸಿ ಮುರುಗಿಸಿ ಪರೀಕ್ಷಿಸುವ ಅಗತ್ಯ ಯಾರಿಗೂ ಬೀಳುವುದಿಲ್ಲ.