ಇಸ್ತ್ರಿ ಅಂಗಡಿಯ ಸೋದರತ್ತೆ

“ತಲೆ ಕಡೆ ಇನ್ನೂ ಸ್ವಲ್ಪ ಎತ್ತೋ, ಮೈಗಳ್ಳ,” ಎಂದು ಮೆಕ್ಯಾನಿಕ್ ಗದರಿದ. ಬೈಸಿಕೊಂಡ ಡ್ರೈವರ್ ಹಲ್ಲು ಕಡಿಯುತ್ತಾ ಎತ್ತಿದ. ಇಬ್ಬರೂ ಸೇರಿ ಅಂಗಡಿ ನಡೆಸುತ್ತಿದ್ದ ಲಾಂಡ್ರಿಯತ್ತೆಯನ್ನು ಅವಳದೇ ಇಸ್ತ್ರಿ ಮೇಜಿನ ಮೇಲೆ ಮಲಗಿಸಿದರು. ಅಂಗಡಿಯಲ್ಲಿ ಹೆಣ ಇಡಲು ಬೇರೆ ಜಾಗವಿರಲಿಲ್ಲ. ಸುತ್ತ ಗಿರಾಕಿಗಳ ಬಟ್ಟೆ ತೂಗಾಡುತ್ತಿತ್ತು.

ಒಡಹುಟ್ಟಿದವರೇ ಇಲ್ಲದವಳಿಗೆ ಸೋದರಳಿಯಂದಿರು ಎಲ್ಲಿಂದ ಬಂದರು ಎಂದು ಕೇಳುವ ಪುರುಸೊತ್ತು ಯಾರಿಗಿದೆ? ಬಂದದ್ದು ಬೀದಿ ಕೊನೆಯ ಅನಾಥಾಲಯದಿಂದ. ಹದಿನೆಂಟು ತುಂಬಿದ ದಿನ ಅಲ್ಲಿ ಕೈಗೊಂದು ಚೀಲ ಕೊಟ್ಟು ಗೇಟು ಹಾಕಿಕೊಳ್ಳುತ್ತಾರೆ. ಬಾಡಿಗೆಗೆ ಕೋಣೆ ಕೇಳಲು ಹೋದರೆ ಮೊದಲ ಪ್ರಶ್ನೆಯೇ, ನಿಮ್ಮೋರು ಯಾರು? ಆಗ ಲಾಂಡ್ರಿಯತ್ತೆ ಸೋದರತ್ತೆಯಾಗಿ ಹೋಗಿ ನಿಲ್ಲುತ್ತಿದ್ದಳು. ಮೆಕ್ಯಾನಿಕ್, ಡ್ರೈವರ್, ನರ್ಸ್, ಎಲ್ಲರಿಗೂ ಹಾಗೆ ನಿಂತವಳು ಅವಳೇ.

ಮೂಲೆಯಲ್ಲಿ ಅಳುತ್ತಿದ್ದವಳು ಅತ್ತೆ ಹಾಗೆ ನಿಂತ ಕೊನೆಯ ಹುಡುಗಿ. ಕೋಣೆ ಸಿಕ್ಕಿ ವಾರವೂ ಆಗಿಲ್ಲ.

“ಅತ್ತು ಏನು ಕಡಿದು ಕಟ್ಟೆ ಹಾಕ್ತೀಯ? ಎದ್ದು ನೀರು ತಾ,” ಎಂದ ಮೆಕ್ಯಾನಿಕ್.

“ಅಳೋದಕ್ಕೂ ನಿನ್ನ ಅಪ್ಪಣೆ ಬೇಕೇನೋ?” ನರ್ಸ್ ತಿರುಗಿಬಿದ್ದಳು.

ಅಷ್ಟರಲ್ಲಿ ಹುಡುಗಿಯ ಮನೆ ಓನರಮ್ಮ ಬಂದಳು. ಬಾಡಿಗೆಯ ಹುಡುಗಿಯ ಅತ್ತೆ ಸತ್ತಿದ್ದಾಳೆ, ಮುಖ ತೋರಿಸಿ ಹೋಗೋಣ ಎಂದು ಬಂದವಳು. ಹೆಣದ ಮುಖ ನೋಡಿದಳು. ಮೇಲೆ ನೋಡಿದರೆ, ತೂಗುಹಾಕಿದ ಬಟ್ಟೆಗಳ ನಡುವೆ ಅವಳದೇ ರೇಷ್ಮೆ ಶಾಲು.

*

ಅತ್ತೆಗೆ ಒಂದು ಚಾಳಿಯಿತ್ತು. ಕೋಣೆ ಕೇಳಲು ಹೋಗುವಾಗ ಗಿರಾಕಿಗಳ ಬಟ್ಟೆಯಲ್ಲೇ ಒಳ್ಳೆಯದನ್ನು ಆರಿಸಿ ಹಾಕಿಕೊಳ್ಳುವುದು, ಬಂದಮೇಲೆ ಮತ್ತೆ ಒಗೆದು ಇಸ್ತ್ರಿ ಮಾಡಿಡುವುದು. “ಮಾಸಲು ಬಟ್ಟೆಯ ಅತ್ತೇನ ಯಾರು ನಂಬ್ತಾರೆ?” ಎನ್ನುತ್ತಿದ್ದಳು. ಈ ಹುಡುಗಿಗೆ ಕೋಣೆ ಕೇಳಲು ಹೋದ ದಿನ ಹೊದ್ದದ್ದು ಆ ಶಾಲು. ಅದನ್ನು ಅಂಗಡಿಗೆ ತಂದು ಕೊಟ್ಟದ್ದು ಯಾವುದೋ ಮನೆಯ ಕೆಲಸದವಳು. ಯಾರದೆಂದು ಅತ್ತೆಗೇನು ಗೊತ್ತು?

“ಇಂಥದೇ ಶಾಲು ನಂದೂ ಇದೆ. ಒಗೆಯೋಕೆ ಹಾಕಿದೀನಿ,” ಎಂದಿದ್ದಳು ಓನರಮ್ಮ.

“ಒಳ್ಳೆ ಲಾಂಡ್ರಿಗೇ ಹಾಕಿ. ರೇಷ್ಮೆ, ಕಂಡಕಂಡೋರ ಕೈಗೆ ಕೊಡೋ ಹಾಗಿಲ್ಲ,” ಎಂದಳು ಅತ್ತೆ, ಮುಖದ ಗೆರೆಯೂ ಅಲುಗದಂತೆ.

ಹುಡುಗಿ ಅತ್ತೆಯ ಬೆನ್ನ ಹಿಂದೆ ಸರಿದಿದ್ದಳು. ವಾಪಸಾಗುವಾಗ ಅತ್ತೆ ಬೈದಳು. “ಯಾಕೆ ಹಂಗೆ ಹೆದರ್ತೀಯ? ನಾನಿರೋವರೆಗೂ ನಿನ್ನ ಯಾರೂ ಆಚೆ ಹಾಕಲ್ಲ.” ಎಷ್ಟು ದಿನ ಇರ್ತೀನಿ ಎಂದು ಮಾತ್ರ ಹೇಳಲಿಲ್ಲ.

*

“ನನ್ನ ಶಾಲು ಹೊದ್ಕೊಂಡೇ ನನಗೆ ಟೋಪಿ ಹಾಕಿದ್ಲು,” ಎಂದಳು ಓನರಮ್ಮ. “ಇವಳು ನಿನ್ನ ಅತ್ತೆ ಅಲ್ಲ ತಾನೆ?”

ಹುಡುಗಿ ಅಲ್ಲವೆಂದು ತಲೆಯಾಡಿಸಿದಳು.

“ಈ ಬೀದಿ ಕೊನೆಯ ಅನಾಥಾಲಯದ್ದಾ ನೀನು? ಸಂಜೆಯೊಳಗೆ ಖಾಲಿ ಮಾಡು.”

“ಹೆಣದ ಮುಂದೆ ಆಡೋ ಮಾತಾ ಇದು?” ಎಂದಳು ನರ್ಸ್.

“ಸುಳ್ಳು ಹೇಳಿದ್ದು ಆ ಹೆಣಾನೇ. ಹಿಂದೆ ಮುಂದೆ ಯಾರೂ ಇಲ್ಲದೋರಿಗೆ ಮನೆ ಕೊಡೋಕೆ ನನಗೇನು ತಲೆ ಕೆಟ್ಟಿದೆಯಾ? ನಾಳೆ ಏನಾದ್ರೂ ಆದ್ರೆ ಯಾರನ್ನ ಕೇಳ್ಲಿ?”

“ನನ್ನ ಕೇಳಿ,” ಎಂದ ಮೆಕ್ಯಾನಿಕ್.

“ನೀನು ಇವಳಿಗೆ ಏನಾಗಬೇಕು?”

ಅಣ್ಣ ಎಂದಿದ್ದರೆ ಮುಗಿಯುತ್ತಿತ್ತು. ನರ್ಸ್ ಕಣ್ಸನ್ನೆ ಮಾಡಿದಳು ಕೂಡ.

“ಏನೂ ಆಗಬೇಕಿಲ್ಲ. ಇವಳ ಮುಖ ನೋಡಿದ್ದೇ ಇವತ್ತು. ಚೆನ್ನಾಗಿ ಸುಳ್ಳು ಹೇಳೋಳು ಇಲ್ಲಿ ಮಲಗಿದಾಳೆ, ನಮಗೆ ಆ ವಿದ್ಯೆ ಬರಲ್ಲ. ಕೇಳೋದಿದ್ರೆ ನನ್ನ ಕೇಳಿ, ಅಷ್ಟೇ.”

“ಕೇಳೋದೇನಿಲ್ಲ. ಸಂಜೆ ಬೀಗ ಜಡಿತೀನಿ.” ಓನರಮ್ಮ ಶಾಲು ಎಳೆದುಕೊಂಡು ಹೊರಟೇಹೋದಳು.

ಸ್ಮಶಾನದ ದಾರಿಯುದ್ದಕ್ಕೂ ನರ್ಸ್ ಮೆಕ್ಯಾನಿಕ್‌ಗೆ ಉಗಿದಳು. ಅಣ್ಣ ಅಂದಿದ್ರೆ ನಿನ್ನ ಗಂಟೇನು ಹೋಗ್ತಿತ್ತು? ಅವನು ಚಟ್ಟಕ್ಕೆ ಹೆಗಲು ಬದಲಿಸಿದ. ಮಣ್ಣು ಮಾಡಿ ಮುಗಿದಮೇಲೂ ಯಾರೂ ತಂತಮ್ಮ ಮನೆ ಕಡೆ ತಿರುಗಲಿಲ್ಲ.

ಓನರಮ್ಮ ಬೀಗ ಹಿಡಿದು ಬಂದಾಗ ಹುಡುಗಿಯ ಕೋಣೆಯೊಳಗೆ ಲೈಟು ಉರಿಯುತ್ತಿತ್ತು. ಕೋಣೆಗೆ ಹತ್ತುವ ಕಿರಿದಾದ ಮೆಟ್ಟಿಲುಗಳ ಮೇಲೆ ನರ್ಸ್ ಕೆಳಗೆ, ಡ್ರೈವರ್ ನಡುವೆ, ಮೆಕ್ಯಾನಿಕ್ ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದರು. ಚಪ್ಪಲಿಗಳಲ್ಲಿ ಸ್ಮಶಾನದ ಮಣ್ಣು ಇನ್ನೂ ಹಸಿಯಿತ್ತು.

“ದಾರಿ ಬಿಡಿ,” ಎಂದಳು ಓನರಮ್ಮ.

ಯಾರೂ ಕಾಲು ಮಡಚಲಿಲ್ಲ.