ಸತ್ತವರ ಪಾಲಿನ ಮೊಟ್ಟೆ

ದೆಸಾಂಕಾ ಅಜ್ಜಿ ಬೈದಾಗಲೇ ಏನೋ ಎಡವಟ್ಟಾಗಿದೆ ಎಂದು ನರ್ಸ್ ಬೋಯಾನಾಳಿಗೆ ಹೊಳೆಯಿತು. ಸೆರ್ಬಿಯಾದ ಆ ಸಣ್ಣ ಊರಿನ ಆಸ್ಪತ್ರೆಯಲ್ಲಿ, ಹೆಂಗಸರ ವಾರ್ಡಿನಲ್ಲಿ, ಅಜ್ಜಿಯಷ್ಟು ಸಾಧು ಇನ್ನೊಬ್ಬರಿರಲಿಲ್ಲ. ಸೂಜಿ ಚುಚ್ಚಿಸಿಕೊಂಡು, ಚುಚ್ಚಿದವಳಿಗೇ ಥ್ಯಾಂಕ್ಸ್ ಹೇಳುವ ಜೀವ. ಅಂಥವಳು ಈಗ ಹೊದಿಕೆ ಸರಿಮಾಡಲು ಹೋದರೆ, "ಹೋಗೇ ಆಚೆ, ಸಾಕಾಯ್ತು ನಿನ್ ಕಾಟ," ಎಂದಳು.

ಬೇರೆಯವರಾಗಿದ್ದರೆ ಮುಖ ಊದಿಸಿಕೊಂಡು ಹೋಗಿಬಿಡುತ್ತಿದ್ದರು. ಬೋಯಾನಾ ಅಜ್ಜಿಯ ಅಂಗೈ ಹಿಡಿದು ನೋಡಿದಳು. ತಣ್ಣಗೆ, ಬೆವರಿನಿಂದ ಒದ್ದೆ. ಬೆರಳು ಚುಚ್ಚಿ ರಕ್ತ ನೋಡಿದರೆ ಸಕ್ಕರೆ ಪಾತಾಳಕ್ಕೆ ಇಳಿದಿತ್ತು. ಬೈಸಿಕೊಳ್ಳುತ್ತಲೇ ಸಕ್ಕರೆ ನೀರು ಕುಡಿಸಿದಳು.

ಇದು ಹೇಗಾಯಿತು? ಬೆಳಿಗ್ಗೆ ಇನ್ಸುಲಿನ್ ಕೊಟ್ಟವಳು ತಾನೇ. ಬೇಯಿಸಿದ ಎರಡು ಮೊಟ್ಟೆ, ಬ್ರೆಡ್ಡು, ಮೊಸರು ತಂದಿಟ್ಟವಳೂ ತಾನೇ. ಪೂರ್ತಿ ಖಾಲಿಯಾದ ತಟ್ಟೆ ನೋಡಿ ಖುಷಿಪಟ್ಟು ಎತ್ತಿಕೊಂಡು ಹೋದ ಪೆದ್ದಿಯೂ ತಾನೇ.

ಸ್ವಲ್ಪ ಹೊತ್ತಿಗೆ ಅಜ್ಜಿಯ ಕಣ್ಣು ತಿಳಿಯಾಯಿತು.

"ಅಜ್ಜಿ, ನಿಜ ಹೇಳಿ. ತಿಂಡಿ ತಿಂದ್ರಾ?"

"ಈಸ್ಟರ್ ಉಪವಾಸ ಅಲ್ವೇನಮ್ಮ? ಮೊಟ್ಟೆ, ಮೊಸರು ಹೇಗೆ ಮುಟ್ಲಿ?"

"ಒಂದು ಮಾತು ಹೇಳಿದ್ರೆ ಬ್ರೆಡ್ಡಿಗೆ ಜಾಮ್ ಹಚ್ಚಿಕೊಡ್ತಿದ್ನಲ್ಲ. ಜಾಮಿಗೇನೂ ಅಡ್ಡಿ ಇಲ್ವಲ್ಲ?"

"ನಿಂಗೆ ಯಾಕೆ ತೊಂದ್ರೆ ಅಂತ."

ತೊಂದರೆಯಂತೆ. ಬೋಯಾನಾಳಿಗೆ ತಲೆ ಚಚ್ಚಿಕೊಳ್ಳಬೇಕೆನಿಸಿತು. "ಮತ್ತೆ ಆ ತಿಂಡಿ ಎಲ್ಲಿ ಹೋಯ್ತು?"

"ಕೊವಿಲ್ಕಾಗೆ ಕೊಟ್ಟೆ. ನನ್ ಗಂಡ ಮಿಲುನ್ ಆತ್ಮಕ್ಕೆ ಅಂತ."

ಬೋಯಾನಾ ಪಕ್ಕದ ಹಾಸಿಗೆಯತ್ತ ತಿರುಗಿದಳು. ಹಾಸಿಗೆ ಖಾಲಿ. ಕೊವಿಲ್ಕಾಳನ್ನು ಪಿತ್ತಕೋಶದ ಆಪರೇಷನ್ನಿಗೆ ಆಗಲೇ ಕರೆದೊಯ್ದಿದ್ದರು. ಹೊಟ್ಟೆ ತುಂಬಿದ್ದವಳಿಗೆ ಅರಿವಳಿಕೆ ಕೊಟ್ಟರೆ ತಿಂದದ್ದು ಉಕ್ಕಿ ಬಂದು ಶ್ವಾಸಕೋಶಕ್ಕೆ ಇಳಿಯಬಹುದು, ಪ್ರಾಣಕ್ಕೇ ಸಂಚಕಾರ.

ಅಜ್ಜಿಯನ್ನು ನೋಡಿಕೊಳ್ಳಲು ಇನ್ನೊಬ್ಬ ನರ್ಸನ್ನು ಕೂಗಿ, ಬೋಯಾನಾ ಓಡಿದಳು. ಲಿಫ್ಟ್ ಬರಲಿಲ್ಲ, ಅದು ಯಾವತ್ತು ಬಂದಿತ್ತು? ಮೆಟ್ಟಿಲು ಹತ್ತಿ ಥಿಯೇಟರಿನ ಬಾಗಿಲು ತಳ್ಳಿದಾಗ, ಕೊವಿಲ್ಕಾ ಮೇಜಿನ ಮೇಲೆ ಮಲಗಿದ್ದಳು, ಅರಿವಳಿಕೆ ಡಾಕ್ಟರ ಕೈಯಲ್ಲಿ ಸಿರಿಂಜ್ ಇತ್ತು.

"ನಿಲ್ಸಿ ಡಾಕ್ಟ್ರೇ. ಕೊವಿಲ್ಕಾ, ಬೆಳಿಗ್ಗೆ ಏನ್ ತಿಂದ್ರಿ?"

"ಏನೂ ಇಲ್ಲ ಸಿಸ್ಟರ್. ಆಣೆಗೂ ಇಲ್ಲ."

"ದೆಸಾಂಕಾ ಅಜ್ಜಿ ಕೊಟ್ಟಿದ್ದು?"

"ಅದಾ? ಅದು ನಾನು ತಿಂದ ಲೆಕ್ಕ ಅಲ್ಲ, ಅವರ ಯಜಮಾನ್ರ ಆತ್ಮಕ್ಕೆ ಹೋಯ್ತು. ಬೇಡ ಅನ್ನೋಕಾಗುತ್ತಾ?"

ಆಗುವುದಿಲ್ಲ. ಸತ್ತವರ ಹೆಸರಿನಲ್ಲಿ ಕೊಟ್ಟದ್ದನ್ನು ಬೇಡ ಎನ್ನುವವರು ಆ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ.

ಆಪರೇಷನ್ ಈಸ್ಟರ್ ಕಳೆದ ಮೇಲೆ ಎಂದಾಯಿತು. ಸರ್ಜನ್ ಗ್ಲೌಸ್ ಕಿತ್ತು ಎಸೆಯುತ್ತಾ, "ಇದನ್ನ ಮೊದಲೇ ನೋಡ್ಕೊಳ್ಳೋಕೇನ್ರೀ ಧಾಡಿ?" ಎಂದು ಬೋಯಾನಾಳ ಮೇಲೇ ಹರಿಹಾಯ್ದರು. ವಾರ್ಡಿಗೆ ವಾಪಸಾಗುವಾಗ ಕೊವಿಲ್ಕಾಳದ್ದೂ ಅದೇ ರಾಗ.

"ನೀವು ಸುಮ್ನಿದ್ದಿದ್ರೆ ಇಷ್ಟೊತ್ತಿಗೆ ಎಲ್ಲಾ ಮುಗಿದೋಗಿರೋದು."

"ಹೌದು," ಎಂದಳು ಬೋಯಾನಾ. "ಎಲ್ಲಾ ಮುಗಿದೋಗಿರೋದು."

ಅಜ್ಜಿ ಜಾಮ್ ಬ್ರೆಡ್ ತಿಂದು ಮುಗಿಸಿದ್ದಳು. ಬೋಯಾನಾ ಅವಳೆದುರು ನಿಂತು, ಇವತ್ತು ಇಬ್ಬರು ಸಾಯುತ್ತಿದ್ದರು ಎಂದು ಬಿಡಿಸಿ ಹೇಳಿದಳು. ಅಜ್ಜಿ ಎಲ್ಲವನ್ನೂ ತಲೆಯಾಡಿಸುತ್ತಾ ಕೇಳಿದಳು. ಆಮೇಲೆ ಮೇಜಿನ ಡ್ರಾಯರಿನಿಂದ ಕಾಗದದಲ್ಲಿ ಸುತ್ತಿದ್ದ ಬೇಯಿಸಿದ ಮೊಟ್ಟೆಯೊಂದನ್ನು ತೆಗೆದು ಚಾಚಿದಳು.

"ತಗೋ ಮಗಳೇ, ನಿಂಗೆ ಅಂತ ಒಂದು ಎತ್ತಿಟ್ಟಿದ್ದೆ. ಬೆಳಿಗ್ಗೆಯಿಂದ ನೀನೂ ಏನೂ ತಿಂದಿಲ್ಲ. ನನ್ ಮಿಲುನ್ ಆತ್ಮಕ್ಕೆ."

ಅದನ್ನು ಕಿಟಕಿಯಾಚೆ ಎಸೆದುಬಿಡುವಷ್ಟು ಸಿಟ್ಟು ಬಂತು ಬೋಯಾನಾಳಿಗೆ.

"ದೇವ್ರು ಅವರಿಗೆ ಸದ್ಗತಿ ಕೊಡ್ಲಿ," ಎಂದು ಹಲ್ಲು ಕಚ್ಚಿಕೊಂಡೇ ಹೇಳಿ, ನಿಂತಲ್ಲೇ ಸಿಪ್ಪೆ ಬಿಡಿಸಿ ತಿಂದಳು.