ಫ್ರಿಜ್ ಮೇಲಿನ ಆರನೇ ಸಾಲು

“ಬಾಟ್ಲಿ ಕೊಡು ಇಲ್ಲಿ. ಇನ್ಮೇಲೆ ದಿನಕ್ಕೆ ಎಂಟು ಸಲಾನೂ ನಾನೇ ಕುಡಿಸ್ತೀನಿ,” ಎಂದು ಮಗಳು ಕೈ ಚಾಚಿದಾಗ ನರ್ಸಮ್ಮನಿಗೆ ಮೊದಲು ಬಂದದ್ದು ನಗು. ಅವರು ದಿನ ತುಂಬದೆ ಹುಟ್ಟಿದ ಕೂಸುಗಳ ವಾರ್ಡಿನಲ್ಲಿ ಮೂವತ್ತೊಂದು ವರ್ಷ ದುಡಿದು ಹೋದ ವರ್ಷವಷ್ಟೇ ನಿವೃತ್ತರಾದವರು. ಅಂಗೈಯಗಲದ ಮಕ್ಕಳಿಗೆ ಹನಿ ಹನಿ ಹಾಲೂಡಿಸಿ ಮನೆಗೆ ಕಳಿಸಿದ ಕೈಯಿಂದ ಬಾಟಲಿ ಕಿತ್ತುಕೊಳ್ಳುವುದೆಂದರೇನು! ಆದರೆ ಮಗಳ ಮುಖದಲ್ಲಿ ತಮಾಷೆ ಇರಲಿಲ್ಲ.

“ಯಾಕೆ, ನನ್ನ ಕೈಗೇನಾಗಿದೆ?”

“ನಿನ್ನ ಕೈಲಿ ಅವನು ಕುಡೀತಾನೇ ಇಲ್ಲಮ್ಮ. ಹಾಲಿನ ಲೆಕ್ಕದ ಬುಕ್ ನೋಡು.”

“ಬುಕ್ಕಲ್ಲಿ ಬರೆದೋಳೇ ನಾನು. ನನಗೇ ನೋಡು ಅಂತೀಯಾ?”

“ಹತ್ತು ಮಿಲಿ, ಹದಿನೈದು, ಮತ್ತೆ ಹತ್ತು! ಇಷ್ಟಾದ್ರೆ ಹೇಗೆ?”

“ಹತ್ತು ಹದಿನೈದು ಎಲ್ಲಾ ಮಕ್ಕಳದ್ದೂ ಇರುತ್ತೆ ಕಣೆ. ಅಷ್ಟಕ್ಕೇ ಯಾರಾದ್ರೂ ಗಾಬರಿ ಬೀಳ್ತಾರಾ?”

ಮಗಳು ತಾಯಿಯನ್ನು ದಿಟ್ಟಿಸಿ ನೋಡಿದಳು. ಕಟುಕರ ಅಂಗಡಿಯಲ್ಲೂ ಇಂಥ ಮಾತು ಕೇಳಿರಲಿಕ್ಕಿಲ್ಲ ಅನ್ನುವ ನೋಟ. ಆಮೇಲೆ ಬಾಟಲಿಯನ್ನೂ ಮಗುವನ್ನೂ ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮಗು ಎಂಟು ವಾರ ಮೊದಲೇ ಹುಟ್ಟಿದ್ದ. ಅದಕ್ಕೇ ಮನೆಯಲ್ಲಿ ಅವನಿಗೆ ಅವಸರಪ್ಪ ಎಂದು ಹೆಸರು ಬಿದ್ದಿತ್ತು. ಐದು ವಾರ ಮೂಗಿನಲ್ಲಿ ನಳಿಗೆ ಇಟ್ಟುಕೊಂಡು ಗಾಜಿನ ಪೆಟ್ಟಿಗೆಯಲ್ಲಿ ಮಲಗಿದ್ದವನು ಮನೆಗೆ ಬಂದು ಎರಡನೇ ವಾರ ನಡೆಯುತ್ತಿತ್ತು. ಮೊದಲ ವಾರ ತೂಕ ಎರಡು ಕಿಲೋ ದಾಟಲು ಒದ್ದಾಡಿತ್ತು. ಈ ವಾರ ಕನಿಷ್ಠ ನೂರೈವತ್ತು ಗ್ರಾಂ ಏರಬೇಕು, ಇಲ್ಲದಿದ್ದರೆ ಮತ್ತೆ ವಾರ್ಡಿಗೆ ಸೇರಿಸಿ ನಳಿಗೆ ಹಾಕಬೇಕಾಗುತ್ತದೆ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಆ ಮಾತು ಕೇಳಿದಾಗಿನಿಂದ ಮಗಳು ದಿನಕ್ಕೆ ಹತ್ತು ಸಲ ಬುಕ್ ತೆರೆದು ನೋಡುತ್ತಿದ್ದಳು.

ಇನ್ನು ಆ ಫ್ರಿಜ್. ಅದರ ಬಾಗಿಲಿಗೆ ಆಸ್ಪತ್ರೆಯವರು ಕೊಟ್ಟ ಹಾಳೆ ಅಂಟಿತ್ತು. ಬೇಗ ಹುಟ್ಟಿದ ಮಗುವಿಗೆ ಏನು, ಎಷ್ಟು, ಯಾವಾಗ ಕೊಡಬೇಕು ಎಂದು ಹತ್ತು ಸಾಲು. ಅದನ್ನು ಬರೆದವರು ಸ್ವತಃ ನರ್ಸಮ್ಮ. ಆರು ವರ್ಷದ ಹಿಂದೆ ಡಾಕ್ಟರು ಬರೆದ ಹಾಳೆ ಯಾವ ತಾಯಿಗೂ ಅರ್ಥವಾಗದೆ, “ಕೊಡಿ ಇಲ್ಲಿ” ಎಂದು ಇಸಿದುಕೊಂಡು ಊಟದ ಬಿಡುವಿನಲ್ಲಿ ಬರೆದು ಮುಗಿಸಿದ್ದರು. ಈಗ ಮಗಳು ಅದೇ ಹಾಳೆ ಹಿಡಿದು ಗುರುವಿಗೇ ತಿರುಮಂತ್ರ ಹಾಕುತ್ತಿದ್ದಳು. ಕುದಿಸಿದ ಬಾಟಲಿ ಎತ್ತಿದರೆ, “ಕೈ ತೊಳೆದ್ಯಾ? ಒಂದನೇ ಸಾಲು.” ಎದೆಹಾಲಿಗೆ ಬೆರೆಸಲು ಪೌಷ್ಟಿಕ ಪುಡಿಯ ಪ್ಯಾಕೆಟ್ ಹರಿದರೆ, “ಅಂದಾಜಿಗೆ ಹಾಕ್ಬೇಡ. ನಾಲ್ಕನೇ ಸಾಲು.” ಬೀಗಿತ್ತಿ ಫೋನಿನಲ್ಲಿ, ಎರಡು ಚಮಚ ನೀರು ಕುಡಿಸಿದರೇನು ಎಂದು ಕೇಳಿದಾಗ ಮಾತ್ರ ಅಮ್ಮ ಮಗಳು ಒಂದೇ ದನಿಯಲ್ಲಿ “ಬೇಡ!” ಎಂದು ಕೂಗಿದ್ದರು. ಈ ವಾರದಲ್ಲಿ ಅವರಿಬ್ಬರೂ ಒಪ್ಪಿದ್ದು ಅದೊಂದೇ ವಿಷಯ.

ಮೂರು ದಿನ ಮಗಳು ಮೂರು ಮೂರು ಗಂಟೆಗೊಮ್ಮೆ ಅಲಾರಂ ಇಟ್ಟುಕೊಂಡು ಎದ್ದಳು. ಕುಡಿಸುವುದು, ತೇಗಿಸುವುದು, ಬರೆಯುವುದು, ಆಮೇಲೆ ಪಂಪ್ ಹಿಡಿದು ಮುಂದಿನ ಸಲಕ್ಕೆ ಹಾಲು ತೆಗೆಯುವುದು. ಅಷ್ಟರಲ್ಲಿ ಮತ್ತೆ ಅಲಾರಂ. ಕಾಫಿಗೆ ಸಕ್ಕರೆಯ ಬದಲು ಉಪ್ಪು ಹಾಕಿಕೊಂಡು, ಗೊತ್ತಾಗದೆ ಪೂರ್ತಿ ಕುಡಿದಳು. ಅಳಿಯ ನೆರವಿಗೆ ಬಂದರೆ ಅವನ ಮೇಲೂ ಹರಿಹಾಯ್ದಳು. ನರ್ಸಮ್ಮ ಅಡುಗೆಮನೆಯಲ್ಲಿ ಪಾತ್ರೆಗಳ ಮೇಲೆ ಕೋಪ ತೀರಿಸಿಕೊಂಡರು. ಊರಿನ ಮಕ್ಕಳಿಗೆಲ್ಲ ಆದ ಕೈ ಸ್ವಂತ ಮೊಮ್ಮಗನಿಗೆ ಆಗಲಿಲ್ಲವಲ್ಲ ಎಂದು ಅವರಿಗೆ ಅಳು ಬಂತು. ಅತ್ತರೆ ಮಗಳೆದುರು ಸೋತ ಹಾಗೆ ಎಂದು ಕುಕ್ಕರ್ ಉಜ್ಜಿದರು.

ನಾಲ್ಕನೇ ದಿನ ಬೆಳಿಗ್ಗೆ ಆಸ್ಪತ್ರೆಯಲ್ಲಿ ಅವಸರಪ್ಪನನ್ನು ಬರಿಮೈಯಲ್ಲಿ ತಕ್ಕಡಿಯ ಮೇಲೆ ಮಲಗಿಸಿದರು. ಮಗಳು ಕಣ್ಣು ಮುಚ್ಚಿಕೊಂಡಳು. ಅಂಕಿಗಳು ಕುಣಿದು ನಿಂತವು: ಎರಡು ಕಿಲೋ ಇನ್ನೂರ ಮೂವತ್ತು. ಒಂದೇ ವಾರದಲ್ಲಿ ಇನ್ನೂರ ಹತ್ತು ಗ್ರಾಂ.

ಡಾಕ್ಟರು ಬುಕ್ ತಿರುವಿ ಹಾಕಿ, ಮನಸ್ಸಿನಲ್ಲೇ ಕೂಡಿ, ಮತ್ತೊಮ್ಮೆ ಕೂಡಿ ತಲೆ ಎತ್ತಿದರು. “ಸಿಸ್ಟರ್, ತಕ್ಕಡಿ ಇವನನ್ನ ಗುಂಡ ಅನ್ನುತ್ತೆ. ಈ ಬುಕ್ ನೋಡಿದ್ರೆ ಮೊದಲ ನಾಲ್ಕು ದಿನ ಅರೆಹೊಟ್ಟೆ. ಯಾವುದನ್ನ ನಂಬ್ಲಿ ನಾನು?”

“ಆ ನಾಲ್ಕು ದಿನ ಅರ್ಧಕ್ಕರ್ಧ ಅಮ್ಮ ಕುಡಿಸಿದ್ದು,” ಎಂದಳು ಮಗಳು. “ಆಮೇಲೆ ನಾನೊಬ್ಬಳೇ ಕುಡಿಸಿದೆ. ಅದಕ್ಕೇ ಏರಿದೆ.”

ನರ್ಸಮ್ಮ ಬುಕ್ ಕಿತ್ತುಕೊಂಡು ಕನ್ನಡಕ ಏರಿಸಿದರು. ನೆಟ್ಟಗೆ ನಿಂತ ತಮ್ಮ ಅಂಕಿಗಳು: ಹತ್ತು, ಹದಿನೈದು, ಐದು. ನಡುವೆ ಓರೆಯಾಗಿ ಮಲಗಿದ ಮಗಳ ಅಂಕಿಗಳು: ಮೂವತ್ತೈದು, ನಲವತ್ತು, ಮೂವತ್ತೈದು. ಇಷ್ಟು ದಿನ ಅವರು ತಮ್ಮದನ್ನು ಬರೆದು ಬುಕ್ ಮುಚ್ಚುತ್ತಿದ್ದರೇ ಹೊರತು ಮಗಳದ್ದನ್ನು ಓದಿರಲಿಲ್ಲ. ಕಿವಿಯ ತುದಿ ಬಿಸಿಯಾಯಿತು. ತೂಕವಂತೂ ಏರಿದೆ, ಬಾಯಿ ಮುಚ್ಚಿಕೊಂಡಿದ್ದರೆ ಕೇಳುವವರಿಲ್ಲ. ಪಕ್ಕದಲ್ಲಿ ಮಗಳು ನಿಂತಲ್ಲೇ ತೂಕಡಿಸಿ ಮೇಜು ಹಿಡಿದುಕೊಂಡಳು.

“ಡಾಕ್ಟ್ರೇ, ನಾನು ಬರೆದಿರೋದು ಉಳಿದಿದ್ದು.”

“ಅಂದ್ರೆ?”

“ವಾರ್ಡಲ್ಲಿ ಬರೀತಿದ್ವಲ್ಲ ಹಾಗೆ. ಎಷ್ಟು ಕೊಡ್ಬೇಕು ಅಂತ ಚಾರ್ಟಲ್ಲಿ ನೀವೇ ಬರೆದಿರ್ತಿದ್ರಿ. ಬಾಟ್ಲೀಲಿ ಉಳಿದಿದ್ದನ್ನ ಮಾತ್ರ ನಾವು ಬರೀತಿದ್ವಿ. ನಲವತ್ತೈದರಲ್ಲಿ ಹತ್ತು ಉಳೀತು ಅಂದ್ರೆ ಮೂವತ್ತೈದು ಕುಡಿದ ಅಂತ.”

ಡಾಕ್ಟರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮಗಳು ನಗಲಿಲ್ಲ.

ಆಟೋ ಅರ್ಧ ದಾರಿ ಬಂದ ಮೇಲೆ ಅವಳು ಬಾಯಿ ಬಿಟ್ಟಳು. “ಮೂರು ದಿನ ಅಮ್ಮ. ಉಳಿದಿದ್ದು ಅಂತ ಒಂದು ಮಾತು ಹೇಳೋಕಾಗ್ಲಿಲ್ವಾ?”

“ನೀನು ಕೇಳಿದ್ಯಾ? ನಿನ್ನ ಕೈಲಿ ಕುಡಿಯಲ್ಲ ಅಂತ ತೀರ್ಪು ಕೊಟ್ಟುಬಿಟ್ಟೆ.”

“ಫ್ರಿಜ್ ಮೇಲೆ ಅಷ್ಟು ದಪ್ಪಕ್ಷರದಲ್ಲಿದೆ. ಓದಬಾರದಿತ್ತಾ?”

“ಬರೆದೋಳಿಗೆ ಓದೋದೇನಿದೆ?” ಎಂದರು ನರ್ಸಮ್ಮ.

ಮನೆಗೆ ಬಂದ ನರ್ಸಮ್ಮ ಚಪ್ಪಲಿ ಬಿಟ್ಟು ನೇರ ಫ್ರಿಜ್ ಮುಂದೆ ನಿಂತರು. ಆರನೇ ಸಾಲು: ‘ಪ್ರತಿ ಸಲವೂ ಮಗು ಎಷ್ಟು ಕುಡಿಯಿತು ಎಂದು ಬರೆದಿಡಿ. ಎಷ್ಟು ಉಳಿಯಿತು ಎಂದಲ್ಲ.’ ಕೊನೆಯ ಮಾತು ಬೇಕೇ ಬೇಕು ಎಂದು ಅಂದು ಡಾಕ್ಟರ ಹತ್ತಿರ ಜಗಳವಾಡಿದ್ದು ನೆನಪಾಯಿತು. ತಾಯಂದಿರಿಗೆ ಬಿಡಿಸಿ ಹೇಳದಿದ್ದರೆ ತಪ್ಪು ಮಾಡುತ್ತಾರೆ ಎಂದು ವಾದಿಸಿದ್ದರು.

ಮಧ್ಯಾಹ್ನದ ಅಲಾರಂ ಹೊಡೆಯಿತು. ಮಗಳು ಬಾಟಲಿ ಬೆಚ್ಚಗೆ ಮಾಡಿ ತಂದು, ಅದನ್ನೂ ಮಗುವನ್ನೂ ತಾಯಿಯ ತೊಡೆಯ ಮೇಲಿಟ್ಟಳು. ಸೋಫಾದ ತುದಿಯಲ್ಲಿ ಕೂತು ಕಾವಲು ಕಾಯುವವಳಂತೆ ಬಾಟಲಿಯನ್ನೇ ನೋಡತೊಡಗಿದಳು. ಹತ್ತು ಮಿಲಿ ಇಳಿಯುವಷ್ಟರಲ್ಲಿ ಅವಳ ತಲೆ ವಾಲಿತು. ಇಪ್ಪತ್ತಕ್ಕೆ ಸಣ್ಣಗೆ ಗೊರಕೆ ಬಂತು.

ಅವಸರಪ್ಪ ಇವತ್ತು ಅವಸರ ಮಾಡಲಿಲ್ಲ. ನಡುನಡುವೆ ನಿಲ್ಲಿಸಿ, ಉಸಿರು ಎಳೆದುಕೊಂಡು, ಅಜ್ಜಿಯ ಕಿರುಬೆರಳು ಹಿಡಿದುಕೊಂಡು ಕೊನೆಯ ಹನಿಯವರೆಗೂ ಕುಡಿದು ತೇಗಿದ. ನರ್ಸಮ್ಮ ಖಾಲಿ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ, ಒಂದೇ ಕೈಯಲ್ಲಿ ಬುಕ್ ಬಿಡಿಸಿದರು. ಪೆನ್ನು ತಾನಾಗಿಯೇ ಒಂದು ಸೊನ್ನೆ ಸುತ್ತಿತು.

ಅವರು ಸೋಫಾದ ಕಡೆ ನೋಡಿದರು. ಮಗಳು ಬಾಯಿ ತೆರೆದುಕೊಂಡು ಮಲಗಿದ್ದಳು. ಸೊನ್ನೆಯನ್ನು ಹೊಡೆದು ಹಾಕಿ, ಪಕ್ಕದಲ್ಲಿ ದಪ್ಪಗೆ ನಲವತ್ತೈದು ಎಂದು ಬರೆದರು. ಆಮೇಲೆ ಮಗಳ ಫೋನ್ ಎತ್ತಿಕೊಂಡು ಮುಂದಿನ ಅಲಾರಂ ಆಫ್ ಮಾಡಿದರು.